ಕಬ್ಬಿನ ಪಟ್ಟಿ, ಕೂಸಿನ ಪಟ್ಟಿ

ಕೃಷ್ಣೆಗೆ ಕಟ್ಟಿದ ಹಿಪ್ಪರಗಿ ಬ್ಯಾರೇಜಿನ ಆಚೀಚೆ ಕಬ್ಬು ನುರಿಸುವ ಕಾರ್ಖಾನೆಗಳಿಗೆ ಗೊತ್ತಿರುವ ಒಂದು ಸಂಗತಿ ಆರೋಗ್ಯ ಇಲಾಖೆಗೆ ಅಷ್ಟು ಸುಲಭವಾಗಿ ಗೊತ್ತಾಗುವುದಿಲ್ಲ. ಈ ವಾರ ಕಬ್ಬು ಕಡಿಯುವ ಯಾವ ಗ್ಯಾಂಗು ಯಾರ ಹೊಲದಲ್ಲಿದೆ, ಮುಂದಿನ ವಾರ ಯಾವ ಊರಿಗೆ ಹೊರಳುತ್ತದೆ ಎಂಬುದೇ ಆ ಸಂಗತಿ. ಕಡಿದ ಕಬ್ಬು ಬಿಸಿಲಿಗೆ ಬಿದ್ದರೆ ತೂಕವೂ ಹೋಗುತ್ತದೆ, ಇಳುವರಿಯೂ ಹೋಗುತ್ತದೆ. ಹಾಗಾಗಿ ಕಡಿಯುವ ದಿನ, ಹೇರುವ ಟ್ರ್ಯಾಕ್ಟರು, ತೂಕದ ಕಟ್ಟೆಗೆ ಬರುವ ಹೊತ್ತು ಎಲ್ಲವೂ ಕಾರ್ಖಾನೆಯ ಕಬ್ಬು ವಿಭಾಗದ ಪಟ್ಟಿಯಲ್ಲಿರುತ್ತವೆ. ಅದೇ ಗ್ಯಾಂಗಿನ ಜೊತೆ ತಾಯಿಯ ಬೆನ್ನಿಗೆ ಅಂಟಿಕೊಂಡು ಬಂದ ಕೂಸಿಗೆ ಹತ್ತನೇ ವಾರದ ಲಸಿಕೆಯನ್ನು ಎಲ್ಲಿ, ಯಾರು ಹಾಕಬೇಕು ಎಂಬುದು ಮಾತ್ರ ಬಹಳ ಸಲ ಯಾರ ಪಟ್ಟಿಯಲ್ಲೂ ಇರುವುದಿಲ್ಲ.

ಮಕ್ಕಳ ಲಸಿಕೆಯಲ್ಲಿ ಸರಕಾರ ಮತ್ತು ಖಾಸಗಿಯವರು ಕೈಜೋಡಿಸಬೇಕು ಎಂಬ ಮಾತು ಬಂದಾಗಲೆಲ್ಲ ನಮ್ಮ ಕಣ್ಣಮುಂದೆ ಬರುವುದು ಕಂಪನಿಯ ದೇಣಿಗೆ, ಹೊಸ ಆಂಬುಲೆನ್ಸು, ಅದರ ಮುಂದೆ ಹಸಿರು ನಿಶಾನೆ ಹಿಡಿದು ನಿಂತವರ ಫೋಟೊ. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿ ಸೀಮೆಯ ಮಟ್ಟಿಗೆ ನನಗೆ ಅನಿಸುವುದು ಬೇರೆ. ಇಲ್ಲಿ ಲಸಿಕೆಯ ಕೊರತೆಯೂ ಇಲ್ಲ, ಹಣದ ಕೊರತೆಯೂ ಮೊದಲನೆಯದಲ್ಲ. ಖಾಸಗಿಯವರ ಕೈಯಲ್ಲಿರುವ ಮಾಹಿತಿ, ಜಾಗ ಮತ್ತು ಹೊತ್ತು ಸರಕಾರದ ಕೈಗೆ ಸಿಗಬೇಕು. ಲಸಿಕೆ, ಅದರ ತಂಪು ಮತ್ತು ಅದರ ಲೆಕ್ಕ ಸರಕಾರದ ಕೈಯಲ್ಲೇ ಉಳಿಯಬೇಕು. ಈ ಗೆರೆ ಎಲ್ಲಿ ಎಳೆಯಬೇಕು ಎಂಬುದೇ ಈ ಬರಹದ ವಿಷಯ.

ಸಮೀರವಾಡಿ, ಸಿದ್ದಾಪುರ, ಹಿರೇಪಡಸಲಗಿ, ಉತ್ತೂರ, ಬಾಡಗಂಡಿ ಎಂದು ಕಾರ್ಖಾನೆಗಳ ಊರುಗಳನ್ನು ಇಲ್ಲಿ ಬೆರಳು ಮಡಚಿ ಎಣಿಸಬಹುದು. ಹಂಗಾಮು ಶುರುವಾದರೆ ಮಹಾರಾಷ್ಟ್ರದ ಬೀಡ ಕಡೆಯಿಂದ, ವಿಜಯಪುರದ ತಾಂಡಾಗಳಿಂದ ಕಡಿಯುವವರು ಬರುತ್ತಾರೆ. ಗಂಡ ಹೆಂಡತಿ ಜೋಡಿಯಾಗಿ ಮುಂಗಡ ತೆಗೆದುಕೊಂಡಿರುತ್ತಾರೆ. ಹೀಗಾಗಿ ಕೂಸು ಊರಲ್ಲಿ ಉಳಿಯುವ ಮಾತಿಲ್ಲ. ದಸರೆಯ ಹೊತ್ತಿಗೆ ಹುಟ್ಟಿದ ಮಗುವಿನ ಲೆಕ್ಕ ಹಾಕಿ ನೋಡಿ. ಆರನೇ ವಾರ, ಹತ್ತನೇ ವಾರ, ಹದಿನಾಲ್ಕನೇ ವಾರ ಹೀಗೆ ಮೂರು ಸಲ ಪೆಂಟಾವೇಲೆಂಟ್, ಪೋಲಿಯೊ ಹನಿ, ರೋಟಾವೈರಸ್ ಲಸಿಕೆ ಬೀಳಬೇಕು. ಅದರಲ್ಲಿ ಎರಡು ಸಲ ನ್ಯುಮೋನಿಯಾ ತಡೆಯುವ ಪಿಸಿವಿ ಕೂಡ. ಈ ಮೂರೂ ತಾರೀಖು ಹಂಗಾಮಿನ ಹೊಟ್ಟೆಯೊಳಗೇ ಬೀಳುತ್ತವೆ. ಒಂದು ಕಂತು ಒಂದು ಊರಿನ ಹೊಲದಲ್ಲಿ, ಇನ್ನೊಂದು ಮತ್ತೊಂದು ತಾಲ್ಲೂಕಿನಲ್ಲಿ. ಇದರ ತಿರುವುಮುರುವೂ ಉಂಟು. ಈ ಸೀಮೆಯ ಒಣಬೇಸಾಯದ ಊರುಗಳಿಂದ ಮಂಗಳೂರಿಗೆ, ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಹೋದವರ ಮಕ್ಕಳು ಅಲ್ಲಿಯ ಪಟ್ಟಿಯಲ್ಲೂ ಇಲ್ಲ, ಇಲ್ಲಿಯ ಪಟ್ಟಿಯಲ್ಲಿ ‘ಊರಲ್ಲಿಲ್ಲ’ ಎಂಬ ಷರಾ.

ನಮ್ಮಲ್ಲಿ ಲಸಿಕೆ ಹಾಕುವುದು ಸಾಮಾನ್ಯವಾಗಿ ಗುರುವಾರ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ನೀಲಿ ಪೆಟ್ಟಿಗೆಯಲ್ಲಿ ಲಸಿಕೆ ಹೊರಡುತ್ತದೆ, ಉಪಕೇಂದ್ರದಲ್ಲೋ ಅಂಗನವಾಡಿಯಲ್ಲೋ ನರ್ಸಬಾಯಿ ಕೂರುತ್ತಾರೆ, ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗಿ ಕರೆದು ತರುತ್ತಾರೆ. ಈ ಏರ್ಪಾಡು ಸಣ್ಣದೇನಲ್ಲ. 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಶುರುವಾದಾಗಿನಿಂದ ಇಷ್ಟು ವರ್ಷ ನಡೆದು ಬಂದಿರುವುದು ಅದರ ದೊಡ್ಡಸ್ತಿಕೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 12ರಿಂದ 23 ತಿಂಗಳ ಮಕ್ಕಳಲ್ಲಿ ಪೂರ್ಣ ಲಸಿಕೆ ಪಡೆದವರು 2015–16ರಲ್ಲಿ ಶೇ 62.6ರಷ್ಟಿದ್ದರು. ಮುಂದಿನ ಸಮೀಕ್ಷೆಯ ಹೊತ್ತಿಗೆ, ಅಂದರೆ 2019–20ಕ್ಕೆ, ಅದು ಶೇ 84.1 ಆಯಿತು. ನಾಲ್ಕೈದು ವರ್ಷದಲ್ಲಿ ಇಪ್ಪತ್ತು ಅಂಶಕ್ಕೂ ಮಿಕ್ಕಿದ ಏರಿಕೆ. ಉಳಿದವರನ್ನು ಮುಟ್ಟುವುದು ಇದಕ್ಕಿಂತ ಕಷ್ಟ, ಏಕೆಂದರೆ ಅವರು ಗುರುವಾರ ಬೆಳಿಗ್ಗೆ ಮನೆಯಲ್ಲಿ ಸಿಗುವವರಲ್ಲ.

ದೇಶದ ಲೆಕ್ಕವೂ ಹೀಗೇ ಇದೆ. ಪೆಂಟಾವೇಲೆಂಟ್‌ನಂಥ ಲಸಿಕೆಯ ಮೊದಲ ಡೋಸನ್ನೂ ಕಾಣದ ಮಕ್ಕಳು ಭಾರತದಲ್ಲಿ 2023ರಲ್ಲಿ 16 ಲಕ್ಷ ಇದ್ದರು, 2024ರಲ್ಲಿ ಸುಮಾರು 9 ಲಕ್ಷಕ್ಕೆ ಇಳಿದರು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಅಂದಾಜು ಮಾಡಿವೆ. ಇಳಿಕೆ ದೊಡ್ಡದು. ಆದರೂ 9 ಲಕ್ಷ ಕೂಸುಗಳೆಂದರೆ ಸಣ್ಣ ಮಾತಲ್ಲ.

ಅದೇ ಕುಟುಂಬ ಸಮೀಕ್ಷೆ ಇನ್ನೊಂದು ವಿಷಯ ಹೇಳುತ್ತದೆ. ದೇಶದಲ್ಲಿ ಶೇ 94.5ರಷ್ಟು ಮಕ್ಕಳಿಗೆ ಹೆಚ್ಚಿನ ಲಸಿಕೆಗಳು ಸಿಕ್ಕಿದ್ದು ಸರಕಾರಿ ಜಾಗದಲ್ಲಿ. ಖಾಸಗಿಯಲ್ಲಿ ಹಾಕಿಸಿಕೊಂಡವರು ಶೇ 4.2 ಮಾತ್ರ. ಹಾಗಿದ್ದರೆ ಖಾಸಗಿಯವರ ಮಾತೇಕೆ ಎಂದು ಯಾರಾದರೂ ಕೇಳಬಹುದು. ಏಕೆಂದರೆ ಲಸಿಕೆ ಹಾಕಿಸುವುದು ಸರಕಾರಿಯಲ್ಲಾದರೂ ಹುಟ್ಟುವುದು ಎಲ್ಲರೂ ಸರಕಾರಿಯಲ್ಲೇ ಅಲ್ಲ. ಜಮಖಂಡಿಯಲ್ಲೋ ಮುಧೋಳದಲ್ಲೋ ಬನಹಟ್ಟಿಯಲ್ಲೋ ಹೆರಿಗೆಗೆಂದು ಖಾಸಗಿ ಆಸ್ಪತ್ರೆಗೆ ಹೋಗುವವರು ಸಾಕಷ್ಟಿದ್ದಾರೆ. ಮಗುವಿನ ಲಸಿಕೆಯ ಮೊದಲ ಅಧ್ಯಾಯ ಅಲ್ಲೇ ಶುರುವಾಗಬೇಕು.

ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸು ಹುಟ್ಟಿದ 24 ತಾಸಿನೊಳಗೆ ಬೀಳಬೇಕು. ತಾಯಿಯಿಂದ ಮಗುವಿಗೆ ಯಕೃತ್ತಿನ ಆ ಸೋಂಕು ದಾಟುವುದನ್ನು ತಡೆಯುವುದು ಆ ಒಂದು ದಿನದಲ್ಲೇ. ಪೋಲಿಯೊದ ಹುಟ್ಟುಡೋಸಿಗೆ 15 ದಿನದ ಗಡುವು, ಕ್ಷಯದ ಬಿಸಿಜಿಗೆ ಒಂದು ವರ್ಷದವರೆಗೆ ಅವಕಾಶ. ಕಾಗದದ ಮೇಲೆ ಎಲ್ಲ ಸರಳ. ಆದರೆ ಬಿಸಿಜಿಯ ಒಂದು ಸೀಸೆಯಲ್ಲಿ ಹಲವು ಮಕ್ಕಳಿಗೆ ಆಗುವಷ್ಟು ಲಸಿಕೆ ಇರುತ್ತದೆ. ಒಮ್ಮೆ ದ್ರಾವಣ ಬೆರೆಸಿದರೆ ನಾಲ್ಕು ತಾಸಿನಲ್ಲಿ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ದಿನಕ್ಕೆ ಒಂದೋ ಎರಡೋ ಹೆರಿಗೆಯಾಗುವ ಸಣ್ಣ ಆಸ್ಪತ್ರೆ ಒಂದು ಕೂಸಿಗಾಗಿ ಸೀಸೆ ಒಡೆಯಲು ಹಿಂದೆಮುಂದೆ ನೋಡುತ್ತದೆ. ‘ಊರಿಗೆ ಹೋಗಿ ಹಾಕ್ಸ್ರಿ’ ಎಂದು ಬಾಣಂತಿಯನ್ನು ಕಳಿಸುತ್ತದೆ. ಬಾಣಂತಿ ಹೋಗುವುದು ತವರಿಗೆ. ಆಶಾ ಕಾರ್ಯಕರ್ತೆ ಕಾಯುತ್ತಿರುವುದು ಗಂಡನ ಊರಲ್ಲಿ. ಶನಿವಾರ ರಾತ್ರಿ ಹುಟ್ಟಿದ ಮಗುವಿಗಂತೂ ಭಾನುವಾರದ ಆ 24 ತಾಸು ಯಾರ ಗಮನಕ್ಕೂ ಬಾರದೆ ಕಳೆದುಹೋಗುವುದು ಸುಲಭ.

ಇದಕ್ಕೆ ಪರಿಹಾರ ಕೋಟಿಗಟ್ಟಲೆ ರೂಪಾಯಿಯ ಯೋಜನೆಯಲ್ಲ. ತಾಲ್ಲೂಕು ಆಸ್ಪತ್ರೆ ಹೆಪಟೈಟಿಸ್ ಬಿ ಮತ್ತು ಪೋಲಿಯೊ ಹನಿಯನ್ನು ಪಟ್ಟಣದ ಪ್ರತಿ ಹೆರಿಗೆ ಆಸ್ಪತ್ರೆಗೆ ದಿನವೂ ಬೆಳಿಗ್ಗೆ ಉಚಿತವಾಗಿ ಕೊಡಬೇಕು, ಆ ಆಸ್ಪತ್ರೆ ಅದನ್ನು ಉಚಿತವಾಗಿಯೇ ಹಾಕಬೇಕು. ಬಿಸಿಜಿಗೆ ವಾರದಲ್ಲಿ ಎರಡು ದಿನ ಪಟ್ಟಣದ ಒಂದು ಜಾಗ ಗೊತ್ತುಮಾಡಿ, ಎಲ್ಲ ಆಸ್ಪತ್ರೆಗಳ ಹಸುಗೂಸುಗಳೂ ಅಲ್ಲಿಗೆ ಬಂದರೆ ಸೀಸೆಯೂ ವ್ಯರ್ಥವಾಗದು. ಅಂದೇ ಯು–ವಿನ್ ಜಾಲತಾಣದಲ್ಲಿ ಹೆಸರು ಏರಬೇಕು. ಕೋವಿಡ್ ಕಾಲದ ಕೋ–ವಿನ್ ಮಾದರಿಯಲ್ಲೇ ಮಾಡಿದ ಈ ವ್ಯವಸ್ಥೆಯಲ್ಲಿ ಮಗು ಎಲ್ಲಿಗೆ ಹೋದರೂ ಹಿಂದಿನ ಡೋಸುಗಳು ಕಾಣುತ್ತವೆ. ಸಮಸ್ಯೆಯೆಂದರೆ ಖಾಸಗಿಯಲ್ಲಿ ಹಾಕಿದ ಲಸಿಕೆಯ ಲೆಕ್ಕ ಅವರದೇ ಚಂದದ ಬಣ್ಣದ ಕಾರ್ಡಿನಲ್ಲಿ ಉಳಿದುಬಿಡುವುದು. ಆಶಾ ಕಾರ್ಯಕರ್ತೆ ಬಂದು ಕೇಳಿದರೆ ‘ಹೊರಗ ಹಾಕ್ಸೀವ್ರಿ’ ಎಂಬ ಉತ್ತರ. ಯಾವುದು, ಯಾವಾಗ ಎಂದರೆ ಕಾರ್ಡು ಹುಡುಕಬೇಕು.

ಇಲ್ಲೊಂದು ಅಡ್ಡಮಾತು. ದುಡ್ಡು ಕೊಟ್ಟ ಲಸಿಕೆಯೇ ಗಟ್ಟಿ ಎಂಬ ನಂಬಿಕೆ ನಮ್ಮ ಪಟ್ಟಣಗಳಲ್ಲಿ ಬೇರೂರಿದೆ. ನಾಯಿಕೆಮ್ಮು ತಡೆಯುವ ಲಸಿಕೆಯಲ್ಲೇ ‘ನೋವಿಲ್ಲದ ಇಂಜೆಕ್ಷನ್’ ಎಂದು ಸಾವಿರಾರು ರೂಪಾಯಿಗೆ ಹಾಕುವ ಬಗೆ ಒಂದಿದೆ. ಜ್ವರ, ಬಾವು ಅದರಿಂದ ಕಡಿಮೆ ಎಂಬುದು ನಿಜ. ಆದರೆ ನಾಯಿಕೆಮ್ಮಿನ ವಿರುದ್ಧ ಹೆಚ್ಚು ಕಾಲ ಕಾಯುವುದು ಉಪಕೇಂದ್ರದಲ್ಲಿ ಪುಕ್ಕಟೆ ಸಿಗುವ ಹಳೆಯ ಬಗೆಯೇ. ಒಂದು ದಿನದ ಜ್ವರಕ್ಕೆ ಹೆದರಿ ಸಾಲ ಮಾಡುವ ಅಗತ್ಯವಿಲ್ಲ ಎಂದು ತಾಯಂದಿರಿಗೆ ಖಾಸಗಿ ವೈದ್ಯರೇ ಬಾಯಿಬಿಟ್ಟು ಹೇಳಿದರೆ ಅದಕ್ಕಿಂತ ದೊಡ್ಡ ಸಹಕಾರ ಬೇಡ.

ಈಗ ಕಷ್ಟದ ಮಾತಿಗೆ ಬರೋಣ. ಲೋಕಾಪುರ ದಾಟಿದರೆ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕು. 2022ರ ಜನವರಿಯಲ್ಲಿ ಅಲ್ಲಿಯ ಹಳ್ಳಿಗಳಲ್ಲಿ ದಡಾರ–ರುಬೆಲ್ಲಾ ಲಸಿಕೆ ಹಾಕಿಸಿಕೊಂಡ ಬಳಿಕ ಮೂರು ಕಂದಮ್ಮಗಳು ತೀರಿಕೊಂಡವು. ಲಸಿಕೆಯ ಸೀಸೆಗಳನ್ನು ಒಂದು ಹೋಟೆಲಿನ ಫ್ರಿಜ್‌ನಲ್ಲಿ ಇಡಲಾಗಿತ್ತು ಎಂಬುದು ಆರಂಭದ ವಿಚಾರಣೆಯಲ್ಲೇ ಹೊರಬಿತ್ತು. ಸಿಬ್ಬಂದಿ ಅಮಾನತಾದರು. ಆ ವಾರ ಇಡೀ ಉತ್ತರ ಕರ್ನಾಟಕದ ತಾಯಂದಿರ ಎದೆ ಝಲ್ಲೆಂದಿತು.

ಆ ಹೋಟೆಲಿನ ಫ್ರಿಜ್ಜನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಏಕೆಂದರೆ ಯೋಚಿಸಿ ನೋಡಿದರೆ ಅದೂ ಒಂದು ಬಗೆಯ ಸರಕಾರಿ–ಖಾಸಗಿ ಸಹಕಾರವೇ. ಒಪ್ಪಂದವಿಲ್ಲದ, ಬರಹದಲ್ಲಿಲ್ಲದ, ಯಾರೂ ಪರೀಕ್ಷಿಸದ ಸಹಕಾರ. ಪರಿಚಯದವರ ಅಂಗಡಿ, ಕರೆಂಟು ಇರುವ ಮನೆ, ಹೋಟೆಲು ಹೀಗೆ ಅನುಕೂಲಕ್ಕೆ ತಕ್ಕಂತೆ ಹಳ್ಳಿಯ ಕೆಲಸ ನಡೆಯುತ್ತದೆ. ಬೇರೆ ಕೆಲಸಕ್ಕೆ ನಡೆದೀತು, ಲಸಿಕೆಗೆ ನಡೆಯದು. ದಡಾರ–ರುಬೆಲ್ಲಾ ಲಸಿಕೆ ಪುಡಿಯ ರೂಪದಲ್ಲಿ ಬರುತ್ತದೆ. ದ್ರಾವಣ ಬೆರೆಸಿದ ಮೇಲೆ ನಾಲ್ಕು ತಾಸು ಮೀರಿದರೆ ಅದರಲ್ಲಿ ರೋಗಾಣು ಬೆಳೆಯುವ ಅಪಾಯವಿದೆ. ಅದು ವಿಷವಾಗಿ ಮಗುವಿನ ರಕ್ತಕ್ಕೆ ಇಳಿಯುತ್ತದೆ. 2017ರಲ್ಲಿ ದಕ್ಷಿಣ ಸುಡಾನಿನಲ್ಲಿ ದಡಾರದ ಲಸಿಕೆ ಅಭಿಯಾನದಲ್ಲಿ 15 ಮಕ್ಕಳು ಸತ್ತದ್ದು ಇದೇ ಬಗೆಯ ಅಜಾಗರೂಕತೆಯಿಂದ. ಅಲ್ಲಿ ಒಂದೇ ಸಿರಿಂಜನ್ನು ದಿನಗಟ್ಟಲೆ ಬಳಸಿದ್ದರು, ತಂಪಿನ ವ್ಯವಸ್ಥೆಯೂ ಇರಲಿಲ್ಲ. ಇಂಥಲ್ಲೆಲ್ಲ ತಪ್ಪು ಲಸಿಕೆಯದಲ್ಲ, ಅದನ್ನು ಹಿಡಿದ ಕೈಯದು ಮತ್ತು ಆ ಕೈಗೆ ಬೇರೆ ದಾರಿ ಒದಗಿಸದ ವ್ಯವಸ್ಥೆಯದು.

ಲಸಿಕೆಯ ತಂಪು ಮನೆಯ ತಂಪಲ್ಲ. 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಅದು ನಿಲ್ಲಬೇಕು. ಪೋಲಿಯೊ ಹನಿ, ದಡಾರದ ಲಸಿಕೆಗಳು ಬಿಸಿಗೆ ಕೆಡುತ್ತವೆ. ಪೆಂಟಾವೇಲೆಂಟ್, ಹೆಪಟೈಟಿಸ್ ಬಿ, ಪಿಸಿವಿ ಹೆಪ್ಪುಗಟ್ಟಿದರೆ ಕೆಡುತ್ತವೆ. ಆರೋಗ್ಯ ಕೇಂದ್ರದಲ್ಲಿ ಕಾಣುವ, ಮೇಲಿನಿಂದ ಬಾಗಿಲು ತೆರೆಯುವ ಐಎಲ್ಆರ್ ಪೆಟ್ಟಿಗೆಯ ಒಳಗೋಡೆಯಲ್ಲಿ ಮಂಜಿನ ಪದರವಿರುತ್ತದೆ. ದಿನಕ್ಕೆ 8 ತಾಸು ಕರೆಂಟು ಇದ್ದರೂ ಅದು ತಂಪು ಹಿಡಿದುಕೊಳ್ಳಬಲ್ಲದು. ಮನೆಯ, ಹೋಟೆಲಿನ ಫ್ರಿಜ್ಜು ಹಾಲು ಮೊಸರಿಗಾಗಿ ದಿನಕ್ಕೆ ನೂರು ಸಲ ತೆರೆಯುತ್ತದೆ, ಒಳಗೆ ಒಂದೊಂದು ಮೂಲೆಗೆ ಒಂದೊಂದು ಉಷ್ಣತೆ. ಆದ್ದರಿಂದ ಯಾವ ಒಪ್ಪಂದವಾದರೂ ಅದರ ಮೊದಲ ಸಾಲು ಹೀಗಿರಬೇಕು: ಲಸಿಕೆ ಹೊರಗೆ ರಾತ್ರಿ ಕಳೆಯಬಾರದು. ಕೇಂದ್ರದಿಂದ ಹೊರಟದ್ದು ಅದೇ ದಿನ ಕೇಂದ್ರಕ್ಕೆ ಮರಳಬೇಕು. ಅದಕ್ಕೆ ಬೇಕಾದ ಗಾಡಿ, ಡ್ರೈವರು, ಪೆಟ್ರೋಲು ಖಾಸಗಿಯವರು ಕೊಡಲಿ, ಸ್ವಾಗತ. ಫ್ರಿಜ್ಜು ಮಾತ್ರ ಬೇಡ.

ಓದುಗರೂ ಗುರುತಿಸಬಹುದಾದ ಒಂದು ಚಿಹ್ನೆ ಸೀಸೆಯ ಮೇಲೇ ಇದೆ. ಸಣ್ಣ ವೃತ್ತ, ಅದರೊಳಗೆ ಚೌಕ. ಚೌಕ ವೃತ್ತಕ್ಕಿಂತ ತಿಳಿ ಬಣ್ಣದಲ್ಲಿದ್ದರೆ ಬಿಸಿಯಿಂದ ಕೆಟ್ಟಿಲ್ಲ. ವೃತ್ತದಷ್ಟೇ ಕಪ್ಪಾಗಿದ್ದರೆ ಎಸೆಯಬೇಕು. ಈ ಅಗ್ಗದ ಗುರುತು ಬಂದದ್ದೂ ಒಂದು ಖಾಸಗಿ ಕಂಪನಿ, ಪಾತ್ ಎಂಬ ಸೇವಾ ಸಂಸ್ಥೆ, ವಿಶ್ವ ಆರೋಗ್ಯ ಸಂಸ್ಥೆ ಕೂಡಿ ದುಡಿದದ್ದರಿಂದ; 1996ರಲ್ಲಿ ಪೋಲಿಯೊ ಸೀಸೆಯ ಮೇಲೆ ಮೊದಲು ಬಂತು.

ಲಸಿಕೆ ತಯಾರಿಕೆಯಲ್ಲೂ ಈ ಕೂಡುದುಡಿಮೆ ಇದೆ. ಬೆಳಗಾವಿಯ ಟಿಳಕವಾಡಿಯಲ್ಲಿ ವ್ಯಾಕ್ಸಿನ್ ಡಿಪೊ ಎಂಬ ಮೈದಾನವಿದೆಯಲ್ಲ, ಬ್ರಿಟಿಷರ ಕಾಲದಲ್ಲಿ ಅಲ್ಲಿ ಸರಕಾರವೇ ಸಿಡುಬಿನ ಲಸಿಕೆ ತಯಾರಿಸುತ್ತಿತ್ತು. ಈಗ ನಮ್ಮ ಕೂಸುಗಳಿಗೆ ಬೀಳುವ ಹನಿಗಳ ಹಿಂದೆ ಬೇರೆಯೇ ಜೋಡಣೆ ಇದೆ. ರೋಟಾವೈರಸ್ ಭೇದಿಯ ಲಸಿಕೆ ರೋಟಾವ್ಯಾಕ್‌ನ ಮೂಲ ವೈರಾಣುವನ್ನು ದೆಹಲಿಯ ಏಮ್ಸ್‌ನಲ್ಲಿ ಡಾ. ಎಂ.ಕೆ. ಭಾನ್ ಮತ್ತು ಸಂಗಡಿಗರು ನವಜಾತ ಶಿಶುಗಳಿಂದ ಬೇರ್ಪಡಿಸಿದ್ದರು. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ, ಅಮೆರಿಕದ ಸಂಶೋಧನಾ ಸಂಸ್ಥೆಗಳು, ಗೇಟ್ಸ್ ಪ್ರತಿಷ್ಠಾನ ಕೂಡಿ ಬೆಂಬಲಿಸಿದವು. ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಸಿತು. ಸರಕಾರಕ್ಕೆ ಒಂದು ಡೋಸಿಗೆ ಒಂದು ಡಾಲರ್ ಎಂಬ ಮಾತು ಮೊದಲೇ ಆಗಿತ್ತು. 2016ರಲ್ಲಿ ಅದು ಸಾರ್ವತ್ರಿಕ ಕಾರ್ಯಕ್ರಮಕ್ಕೆ ಸೇರಿತು. ಪುಣೆಯ ಸೀರಂ ಸಂಸ್ಥೆಯ ಪಿಸಿವಿ ಲಸಿಕೆಯದೂ ಇದೇ ದಾರಿ. 2021ರ ಕೊನೆಗೆ ಪಿಸಿವಿ ಇಡೀ ದೇಶಕ್ಕೆ ವಿಸ್ತರಿಸಿತು. ಖಾಸಗಿ ಆಸ್ಪತ್ರೆಯಲ್ಲಿ ಒಂದು ಡೋಸಿಗೆ ಸಾವಿರಗಟ್ಟಲೆ ಕೊಡಬೇಕಾದದ್ದು ಇಂದು ತೇರದಾಳದ ನೇಕಾರನ ಮಗುವಿಗೆ ಪುಕ್ಕಟೆ ಸಿಗುತ್ತದೆಂದರೆ, ಬೆಲೆಯ ಮಾತನ್ನು ಕೊನೆಗಲ್ಲ, ಮೊದಲಿಗೇ ಆಡಿ ಮುಗಿಸಿದ್ದರ ಫಲ.

ಮೊದಲಿಗೆ ಆ ಮಾತು ಆಡದಿದ್ದರೆ ಏನಾಗುತ್ತದೆ ಎಂಬುದನ್ನು ಕೋವಿಡ್ ತೋರಿಸಿತು. 2021ರ ಮೇ 1ರಿಂದ ಲಸಿಕೆಯ ಕಾಲುಭಾಗ ಖಾಸಗಿ ಆಸ್ಪತ್ರೆಗಳಿಗೆ ಎಂದು ಕೇಂದ್ರ ಹಂಚಿತು. 18ರಿಂದ 44 ವಯಸ್ಸಿನವರ ಪಾಲಿಗೆ ಆ ನೀತಿ ಮೇಲ್ನೋಟಕ್ಕೇ ಸ್ವೇಚ್ಛೆಯದು, ತರ್ಕವಿಲ್ಲದ್ದು ಎಂದು ಸುಪ್ರೀಂ ಕೋರ್ಟ್ ಆ ತಿಂಗಳ ಕೊನೆಗೆ ಹೇಳಿತು. ಜೂನ್ 21ರಿಂದ ರಾಜ್ಯಗಳ ಪಾಲನ್ನು ಕೇಂದ್ರ ತಾನೇ ಕೊಂಡು ಉಚಿತವಾಗಿ ಕೊಟ್ಟಿತು. ಖಾಸಗಿಯ ಕಾಲುಭಾಗ ಹಾಗೇ ಉಳಿಯಿತು. ದೊಡ್ಡ ಊರುಗಳ ದೊಡ್ಡ ಆಸ್ಪತ್ರೆಗಳು ಅದನ್ನು ಕೊಂಡವು, ಹಳ್ಳಿಗೆ ಅದು ಇಳಿಯಲಿಲ್ಲ. ಕೊನೆಗೆ ಖಾಸಗಿಯವರು ಬಳಸಿದ್ದು ಆ ಪಾಲಿಗಿಂತ ಎಷ್ಟೋ ಕಡಿಮೆ. ಉಪಕೇಂದ್ರದ ಮುಂದೆ ನಸುಕಿನಿಂದ ಪಾಳಿ ಹಚ್ಚಿದವರು ಬರಿಗೈಲಿ ಮರಳುತ್ತಿದ್ದ ದಿನಗಳು ಅವು. ಲಸಿಕೆಯನ್ನೇ ಪಾಲು ಮಾಡಿ ಕೊಡುವುದು ಸಹಭಾಗಿತ್ವವಲ್ಲ, ಸರಕಾರ ಕೈತೊಳೆದುಕೊಳ್ಳುವುದು. ಮಕ್ಕಳ ಲಸಿಕೆಯಲ್ಲಿ ಈ ಪ್ರಯೋಗ ಯಾರ ತಲೆಯಲ್ಲೂ ಹೊಳೆಯದಿರಲಿ.

ಪೋಲಿಯೊದ ಉದಾಹರಣೆ ಇದಕ್ಕೆ ಎದುರು. ರೋಟರಿ ಸಂಸ್ಥೆ 1985ರಲ್ಲಿ ಜಗತ್ತಿನಾದ್ಯಂತ ಪೋಲಿಯೊ ವಿರುದ್ಧ ಹಣ, ಜನ ಎರಡನ್ನೂ ಒಟ್ಟುಗೂಡಿಸಲು ನಿಂತಿತು. ನಮ್ಮಲ್ಲಿ 1995ರಲ್ಲಿ ಪಲ್ಸ್ ಪೋಲಿಯೊ ಶುರುವಾಯಿತು. ಲಸಿಕೆ ಸರಕಾರದ್ದು, ಬೂತಿನಲ್ಲಿ ಕೂರುವ ಮೇಜು, ನೆರಳು, ತಿಂಡಿ, ಸ್ವಯಂಸೇವಕರು ಊರವರದು. ಬಸ್ ನಿಲ್ದಾಣ, ರೈಲು ನಿಲ್ದಾಣ, ಇಟ್ಟಿಗೆ ಭಟ್ಟಿ, ಕಬ್ಬಿನ ಗುಡಿಸಲುಗಳನ್ನು ಹುಡುಕಿಕೊಂಡು ಹೋಗುವ ಪಾಠ ಆರೋಗ್ಯ ಸಿಬ್ಬಂದಿಗೆ ಸಿಕ್ಕಿದ್ದು ಆಗಲೇ. 2011ರ ಜನವರಿಯ ನಂತರ ದೇಶದಲ್ಲಿ ಕಾಡು ಪೋಲಿಯೊದ ಒಂದು ಪ್ರಕರಣವೂ ಬರಲಿಲ್ಲ. 2014ರ ಮಾರ್ಚ್ 27ರಂದು ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಅದಾದ ಮೇಲೆ ಆ ಮೇಜು, ಆ ನೆರಳು ವರ್ಷಕ್ಕೊಂದು ಭಾನುವಾರಕ್ಕೆ ಸೀಮಿತವಾದದ್ದು ನಮ್ಮ ಸೋಮಾರಿತನ.

ಊರವರು ಕೈಹಾಕಿದರೆ ಏನಾಗುತ್ತದೆ ಎಂದು ಕೃಷ್ಣೆಯ ದಂಡೆಯವರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. ಸರಕಾರ ಕಟ್ಟೀತು ಎಂದು ಕಾದು ಬೇಸತ್ತು, ಚಿಕ್ಕಪಡಸಲಗಿಯಲ್ಲಿ ರೈತರೇ ಹಣ ಹಾಕಿ, ಮೈಮುರಿದು ದುಡಿದು 1989ರಲ್ಲಿ ನದಿಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದರು. ಮುಂದೆ ನಿಂತ ಸಿದ್ದು ನ್ಯಾಮಗೌಡರನ್ನು ಜನ 1991ರಲ್ಲಿ ರಾಮಕೃಷ್ಣ ಹೆಗಡೆಯವರ ಎದುರು ಗೆಲ್ಲಿಸಿ ಲೋಕಸಭೆಗೆ ಕಳಿಸಿದರು. ಆ ಕಥೆಯಲ್ಲಿ ನನಗೆ ಹಿಡಿಸುವುದು ಧೈರ್ಯಕ್ಕಿಂತ ಲೆಕ್ಕ. ಯಾರು ಎಷ್ಟು ಕೊಟ್ಟರು, ಯಾರ ಹೊಲಕ್ಕೆ ನೀರು ಎಂಬುದು ಎಲ್ಲರಿಗೂ ಗೊತ್ತಿತ್ತು. ನೀರಿನ ವಿಷಯದಲ್ಲಿ ಇಷ್ಟು ನಿಖರವಾಗಿರುವ ಜನ ಕೂಸುಗಳ ವಿಷಯದಲ್ಲಿ ಹಾಗಾಗಲಾರರು ಎಂದು ನಾನು ನಂಬುವುದಿಲ್ಲ.

ಕಾರ್ಖಾನೆಗಳಿಂದಲೇ ಶುರುಮಾಡಬಹುದು. ಹಂಗಾಮಿಗೆ ಮುನ್ನ ಕಬ್ಬಿನ ದರದ ಸಲುವಾಗಿ ಜಿಲ್ಲಾಧಿಕಾರಿಗಳ ಮುಂದೆ ಸಭೆ ನಡೆಯುತ್ತದೆ, ಗದ್ದಲವೂ ಆಗುತ್ತದೆ. ಅದೇ ಸಭೆಯಲ್ಲಿ ಹತ್ತು ನಿಮಿಷ ಈ ವಿಷಯಕ್ಕಿರಲಿ. ಪ್ರತಿ ಕಾರ್ಖಾನೆ ವಾರಕ್ಕೊಮ್ಮೆ ತನ್ನ ಗ್ಯಾಂಗುಗಳು ಇರುವ ಊರು, ಹೊಲದ ಗುರುತು, ಗ್ಯಾಂಗಿನ ಮುಖ್ಯಸ್ಥನ ಫೋನು, ಎರಡು ವರ್ಷದೊಳಗಿನ ಮಕ್ಕಳ ಸಂಖ್ಯೆ ಇಷ್ಟನ್ನು ತಾಲ್ಲೂಕು ಆರೋಗ್ಯಾಧಿಕಾರಿಗೆ ಕಳಿಸಬೇಕು. ಮಕ್ಕಳ ಹೆಸರು ಬೇಕಿಲ್ಲ. ಅದನ್ನು ನರ್ಸಬಾಯಿ ಸ್ಥಳದಲ್ಲೇ ಬರೆದುಕೊಳ್ಳುತ್ತಾರೆ. ಕಡಿಯುವವರು ಬೆಳಕು ಹರಿಯುವ ಮೊದಲೇ ಹೊಲಕ್ಕೆ ಇಳಿಯುತ್ತಾರೆ, ಆದ್ದರಿಂದ ಲಸಿಕೆಯ ಹೊತ್ತು ಸಂಜೆ ಗುಡಿಸಲ ಹತ್ತಿರ ಇರಬೇಕು. ಅದಕ್ಕೆ ನರ್ಸಬಾಯಿಗೆ ಗಾಡಿ ಬೇಕು, ರಾತ್ರಿ ಮನೆ ಮುಟ್ಟಿಸುವ ಭರವಸೆ ಬೇಕು. ಹೆಣ್ಣುಮಗಳೊಬ್ಬಳನ್ನು ಕತ್ತಲಲ್ಲಿ ಕಬ್ಬಿನ ಹೊಲಕ್ಕೆ ಒಂಟಿಯಾಗಿ ಕಳಿಸಿ ಗುರಿ ಸಾಧನೆಯ ಪಟ್ಟಿ ಕೇಳುವುದು ನ್ಯಾಯವಲ್ಲ. ಲಸಿಕೆಯ ಮರುದಿನ ಮಗುವಿಗೆ ಜ್ವರ ಬಂದು ತಾಯಿ ಹೊಲಕ್ಕೆ ಹೋಗದಿದ್ದರೆ ಆ ದಿನದ ಕೂಲಿ ಕಡಿಯಬಾರದೆಂಬ ಮಾತೂ ಒಪ್ಪಂದದಲ್ಲಿರಲಿ. ಅದಿಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ.

ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಕಾನೂನಿನಲ್ಲೇ ಉತ್ತರವಿದೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ, ವರ್ಷಕ್ಕೆ 5 ಕೋಟಿ ರೂಪಾಯಿ ನಿವ್ವಳ ಲಾಭ ಅಥವಾ 1,000 ಕೋಟಿ ವಹಿವಾಟು ಅಥವಾ 500 ಕೋಟಿ ನಿವ್ವಳ ಆಸ್ತಿ ದಾಟಿದ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ಹಾಗೆ ಖರ್ಚು ಮಾಡಬಹುದಾದ ಕೆಲಸಗಳ ಪಟ್ಟಿಯಲ್ಲಿ ರೋಗ ತಡೆಯುವುದೂ ಇದೆ. ಸ್ವಾಗತ ಕಮಾನು ಕಟ್ಟುವುದಕ್ಕಿಂತ ಒಂದು ಹಂಗಾಮಿಗೆ ಎರಡು ಜೀಪು ಓಡಿಸುವುದು ಅಗ್ಗ.

ರಬಕವಿ, ಬನಹಟ್ಟಿಗಳ ತೊಂದರೆ ಬೇರೆ ಬಗೆಯದು. ಇಲ್ಲಿ ಯಾರೂ ಊರು ಬಿಡುವುದಿಲ್ಲ, ಮಗ್ಗ ಬಿಡುವುದಿಲ್ಲ. ಲಸಿಕೆಗೆ ಅರ್ಧ ದಿನ ಹೋದರೆ ಅಷ್ಟು ನೇಯ್ಗೆ ಹೋಯಿತು. ಪವರ್‌ಲೂಮ್ ಓಣಿಗಳಲ್ಲಿ ನೇಕಾರರ ಸಹಕಾರ ಸಂಘದ ಕಟ್ಟಡದಲ್ಲೋ ಸಮಾಜದ ಮಂಟಪದಲ್ಲೋ ತಿಂಗಳಿಗೊಂದು ಸಂಜೆ ಲಸಿಕೆ ಇಟ್ಟುಕೊಂಡರೆ ಸಾಕು. ಹಾಕಿದ ಮೇಲೆ ಅರ್ಧ ತಾಸು ಮಗುವನ್ನು ಅಲ್ಲೇ ಕಾಯಿಸುವುದು ಕಡ್ಡಾಯ. ಅಪರೂಪಕ್ಕೆ ಬರುವ ತೀವ್ರ ಅಲರ್ಜಿಗೆ ಚುಚ್ಚುವ ಅಡ್ರಿನಲಿನ್ ಕೈಗೆಟುಕುವಂತಿರಬೇಕು. ಹತ್ತಿರದ ಖಾಸಗಿ ಮಕ್ಕಳ ವೈದ್ಯರೊಬ್ಬರು ಆ ಸಂಜೆ ಕರೆದರೆ ಬರುತ್ತೇನೆ ಎಂದು ಹೆಸರು ಕೊಟ್ಟಿರಲಿ. ತಾಯಂದಿರಿಗೆ ಗುರುತಿನ ಡಾಕ್ಟರ ಮುಖ ಕಂಡರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಶಾಲೆಗಳೂ ಉಂಟು. 2022ರ ಡಿಸೆಂಬರಿನಲ್ಲಿ ರಾಜ್ಯದ 10 ಜಿಲ್ಲೆಗಳಲ್ಲಿ 1ರಿಂದ 15 ವರ್ಷದವರಿಗೆ ಜಪಾನೀಸ್ ಮಿದುಳುಜ್ವರದ ಲಸಿಕೆ ಅಭಿಯಾನ ನಡೆದಾಗ ಬಾಗಲಕೋಟೆಯೂ ಅದರಲ್ಲಿತ್ತು, ಶಾಲೆಗಳೇ ಲಸಿಕೆಯ ಜಾಗಗಳಾದವು. ಆ ದಾರಿ ಹಾಗೇ ತೆರೆದಿರಬೇಕು. ಐದಾರು ವರ್ಷಕ್ಕೆ ಡಿಪಿಟಿಯ ಕೊನೆಯ ಡೋಸು, 10 ಮತ್ತು 16ನೇ ವರ್ಷಕ್ಕೆ ಟಿಡಿ ಇವೆ ಎಂಬುದೇ ಹಲವು ಮನೆಗಳಿಗೆ ನೆನಪಿರುವುದಿಲ್ಲ. ಕೂಸಿನ ಲಸಿಕೆ ಮುಗಿದರೆ ಎಲ್ಲ ಮುಗಿಯಿತು ಎಂಬ ಭಾವನೆ. ಈ ಲಸಿಕೆಗಳು ತಡೆಯುವ ಗಂಟಲುಮಾರಿ (ಡಿಫ್ತೀರಿಯಾ) ಉತ್ತರ ಕರ್ನಾಟಕದಲ್ಲಿ ಮತ್ತೆ ತಲೆಯೆತ್ತಿದ್ದನ್ನು ಬೆಳಗಾವಿಯ ವೈದ್ಯರು ದಾಖಲಿಸಿದ್ದಾರೆ, ಅದಕ್ಕೆ ಸಿಕ್ಕವರಲ್ಲಿ ಶಾಲೆಗೆ ಹೋಗುವ ವಯಸ್ಸಿನವರೂ ಇದ್ದಾರೆ. ಒಂದನೇ ತರಗತಿಯ ಪ್ರವೇಶದ ವೇಳೆ ಜನ್ಮ ದಾಖಲೆಯ ಜೊತೆ ಲಸಿಕೆಯ ಲೆಕ್ಕವಿರುವ ತಾಯಿ ಕಾರ್ಡನ್ನೂ ಒಮ್ಮೆ ನೋಡುವ ರೂಢಿಯನ್ನು ಖಾಸಗಿ ಶಾಲೆಗಳು ಹಾಕಿಕೊಳ್ಳಲಿ. ಇಲ್ಲದವರನ್ನು ಹೊರಗಿಡಲು ಅಲ್ಲ, ಉಪಕೇಂದ್ರಕ್ಕೆ ಹೆಸರು ಕಳಿಸಲು.

ಇಷ್ಟೆಲ್ಲ ಆದರೂ ಹೊಣೆ ಯಾರದು ಎಂಬುದು ಒಂದೇ ಕಡೆ ನಿಲ್ಲಬೇಕು. ಲಸಿಕೆಯಿಂದ ಯಾವುದೇ ಮಗುವಿಗೆ ತೊಂದರೆಯಾದರೆ ಅದು ಖಾಸಗಿ ಜಾಗದಲ್ಲಾಯಿತು ಎಂದು ಇಲಾಖೆ ಹಿಂದೆ ಸರಿಯುವಂತಿಲ್ಲ, ಲಸಿಕೆ ಸರಕಾರದ್ದು ಎಂದು ಆಸ್ಪತ್ರೆ ಜಾರಿಕೊಳ್ಳುವಂತಿಲ್ಲ. ತಾಲ್ಲೂಕು ಆರೋಗ್ಯಾಧಿಕಾರಿಯ ಸಹಿ ಇರುವ ಒಂದು ಪುಟದ ಒಪ್ಪಂದ, ಅದರಲ್ಲಿ ಯಾರ ಕೆಲಸ ಯಾವುದು ಎಂಬ ಪಟ್ಟಿ ಇರಬೇಕು. ಆ ಪುಟ ಪಂಚಾಯಿತಿ ಕಚೇರಿಯ ಗೋಡೆಯ ಮೇಲಿರಬೇಕು.

ಈ ಹಂಗಾಮಿನಲ್ಲಿ ನಿಮ್ಮ ಹೊಲಕ್ಕೆ ಗ್ಯಾಂಗು ಬಂದರೆ ಒಂದು ಕೆಲಸ ಮಾಡಿ. ಕಡಿಯುವವರಿಗೆ ಚಹಾ ಕೊಡುವಾಗ ಕೂಸುಗಳೆಷ್ಟು ಎಂದು ಕೇಳಿ, ನಿಮ್ಮೂರ ಆಶಾ ಕಾರ್ಯಕರ್ತೆಗೆ ಫೋನು ಮಾಡಿ. ಮಕ್ಕಳು ಯಾವ ಊರಿನವರಾದರೂ, ಯಾವ ರಾಜ್ಯದವರಾದರೂ, ಸರಕಾರಿ ಕೇಂದ್ರದಲ್ಲಿ ಅವರಿಗೆ ಲಸಿಕೆ ಉಚಿತ. ಕಾರ್ಡು ಕಳೆದಿದ್ದರೂ ಹೊಸದು ಬರೆದುಕೊಡುತ್ತಾರೆ. ಒಂದು ಕಂತು ತಪ್ಪಿದ್ದರೆ ಮೊದಲಿನಿಂದ ಶುರುಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಬಹುದು. ದಡಾರ–ರುಬೆಲ್ಲಾ ಲಸಿಕೆಯನ್ನು ಐದು ವರ್ಷದವರೆಗೂ, ಡಿಪಿಟಿಯನ್ನು ಏಳು ವರ್ಷದವರೆಗೂ ಹಾಕಿಸಬಹುದು.